ನಳಿನಕಾಂತಿಯೂ ವಿದ್ಯುತ್ ಗಿಟಾರೂ

ರಾಕ್ ಸಂಗೀತವೆಂದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಕಿವಿ ಮುಚ್ಚಿಕೊಳ್ಳುವುದುಂಟು. ಕಿರಿಯರು ಕಿವಿಗೆ ಯಂತ್ರವನ್ನೇ ಸಿಕ್ಕಿಸಿಕೊಂಡು ಲೋಕವನ್ನು ಮರೆಯುವುದೂ ಉಂಟು. ಈ ಎರಡು ಪಂಗಡದವರೂ ಒಂದೆಡೆ ಕುಳಿತು ಕೇಳಬಹುದಾದ ಸಂಗತಿಗಳು ಬೆಂಗಳೂರಿನ ‘ಅಗಮ್’ ಎಂಬ ತಂಡದ ಎರಡನೆಯ ಆಲ್ಬಮ್ಮಿನಲ್ಲಿ ಇವೆಯೆಂದು ನಮಗೆ ತೋರಿದ್ದರಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ. 2003ರಲ್ಲಿ ಕೂಡಿದ ಈ ತಂಡವು ತ್ಯಾಗರಾಜರ ಮತ್ತು ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಪ್ರೊಗ್ರೆಸಿವ್ ರಾಕ್ ಎಂಬ ಪಾಶ್ಚಾತ್ಯ ಪದ್ಧತಿಯ ವಾದ್ಯಗಳೊಡನೆ ಹಾಡುತ್ತ ಹೆಸರು ಪಡೆಯಿತು. ‘ಅಗಮ್’ ಎಂದರೆ ತಮಿಳಿನಲ್ಲಿ ಒಳಗು, ಅಂತರಂಗ.

ಪ್ರೊಗ್ರೆಸಿವ್ ರಾಕ್ ಎಂದರೇನು? 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಮೂರು ನಿಮಿಷದ ಕುಣಿತದ ಹಾಡುಗಳು ಸಾಲದೆ ಹೋದುವು. ಅವರು ಹಾಡನ್ನು ಹಿಗ್ಗಿಸಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದಲೂ ಜಾಜ್‌ನಿಂದಲೂ ಸಾಲ ತಂದರು. ನಾಲ್ಕರ ಎಣಿಕೆಯನ್ನು ಬಿಟ್ಟು ಐದರ, ಏಳರ ಎಣಿಕೆಗಳನ್ನು ಹಿಡಿದರು. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಎಂಬ 1973ರ ಹಾಡು ಬಹುಭಾಗ ಏಳರ ಎಣಿಕೆಯಲ್ಲಿ ಸಾಗುವುದೆಂದು ಅಲ್ಲಿನವರು ಇಂದಿಗೂ ಬೆರಗಿನಿಂದ ಹೇಳುತ್ತಾರೆ. ಕನ್ನಡ ಉಪಾಧ್ಯಾಯರಾದ ನಮಗೆ ಇಲ್ಲಿ ಒಂದಿಷ್ಟು ನಗು ಬಂದರೆ ವಾಚಕರು ಕ್ಷಮಿಸಬೇಕು. ಮೂರು ನಾಲ್ಕು, ಮೂರು ನಾಲ್ಕು ಎಂದು ಏಳು ಮಾತ್ರೆಗಳ ನಡೆಯಲ್ಲಿ ಭಾಮಿನೀ ಷಟ್ಪದಿಯನ್ನು ನಮ್ಮ ಗಮಕಿಗಳು ಐದಾರು ನೂರು ವರ್ಷಗಳಿಂದ ಹಾಡುತ್ತಲೇ ಬಂದಿದ್ದಾರೆ. ಐದರ ನಡೆ ಬೇಕಾದವರಿಗೆ ವಾರ್ಧಕವಿದೆ. ಛಂದಸ್ಸಿನ ಪಾಠದಲ್ಲಿ ಆಕಳಿಸುವ ಹುಡುಗರು ಇದನ್ನು ಗಮನಿಸಲಿ.

ಇನ್ನು ವಿದ್ಯುತ್ ಗಿಟಾರ್. ಖಾಪರಖೇಡಾದ ಮಕ್ಕಳಿಗೆ ಇದನ್ನು ತಿಳಿಸುವುದು ಬಲು ಸುಲಭ, ಏಕೆಂದರೆ ಅದರ ಮರ್ಮ ನಮ್ಮೂರಿನ ವಿದ್ಯುತ್ ಕೇಂದ್ರದಲ್ಲಿಯೇ ಇದೆ. ಕಲ್ಲಿದ್ದಲನ್ನು ಉರಿಸಿ, ನೀರನ್ನು ಆವಿಮಾಡಿ, ಆ ಆವಿಯಿಂದ ಒಂದು ಬಲವಾದ ವಿದ್ಯುತ್ ಅಯಸ್ಕಾಂತವನ್ನು ತಾಮ್ರದ ಸುರುಳಿಗಳ ನಡುವೆ ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತಾರೆ. ಸುರುಳಿಯ ಬಳಿ ಕಾಂತಬಲವು ಏರುಪೇರಾದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಗಿಟಾರಿನಲ್ಲಿಯೂ ನಡೆಯುವುದು ಇದೇ. ಉಕ್ಕಿನ ತಂತಿಗಳ ಕೆಳಗೆ ಪುಟ್ಟ ಅಯಸ್ಕಾಂತಗಳಿವೆ; ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದಾರೆ. ಮೀಟಿದ ತಂತಿ ನಡುಗಿದರೆ ಕಾಂತಬಲವೂ ನಡುಗಿ, ಸುರುಳಿಯಲ್ಲಿ ಅತಿ ಸಣ್ಣ ಪ್ರವಾಹ ಹುಟ್ಟುತ್ತದೆ. ಅದನ್ನು ವರ್ಧಕಯಂತ್ರವು ಸಾವಿರ ಮಡಿ ಹಿಗ್ಗಿಸಿ ಧ್ವನಿಯಾಗಿಸುತ್ತದೆ. ಇಲ್ಲಿ 1340 ಮೆಗಾವಾಟ್, ಅಲ್ಲಿ ಬೆರಳ ತುದಿಯ ಒಂದು ಮಿಂಚು, ನಿಯಮ ಒಂದೇ.

ಆದರೆ ಇಂಥ ವಾದ್ಯದೊಡನೆ ರಾಗವನ್ನು ಹಾಡುವುದು ಸುಲಭವಲ್ಲ. ಗಿಟಾರಿಗೆ ವೀಣೆಯಂತೆ ಮೆಟ್ಟಿಲುಗಳಿವೆ. ವೈಣಿಕನು ತಂತಿಯನ್ನು ಪಕ್ಕಕ್ಕೆಳೆದು ಗಮಕವನ್ನು ತರುತ್ತಾನೆ. ಗಿಟಾರಿನವನೂ ಎಳೆಯಬಲ್ಲನಾದರೂ ವೀಣೆಯಷ್ಟು ಎಡೆ ಅಲ್ಲಿಲ್ಲ. ಅಗಮ್ ತಂಡದ ಗಾಯಕ ಹರೀಶ್ ಶಿವರಾಮಕೃಷ್ಣನ್ ಅವರು ಪಿಟೀಲನ್ನೂ ನುಡಿಸುವವರು. ಮೆಟ್ಟಿಲಿಲ್ಲದ ಆ ವಾದ್ಯವು ತಂಡಕ್ಕೆ ದೊಡ್ಡ ಅನುಕೂಲ. ಇದಕ್ಕಿಂತ ಕಠಿನವಾದ ತೊಡಕು ‘ಕಾರ್ಡ್’, ಎಂದರೆ ಮೂರು ನಾಲ್ಕು ಸ್ವರಗಳನ್ನು ಒಮ್ಮೆಗೇ ನುಡಿಸುವ ಪಾಶ್ಚಾತ್ಯ ಕ್ರಮ. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೊಂದು ಬರುತ್ತವೆ. ಯಾವ ಸ್ವರ ಬರಬಾರದೆಂಬುದೂ ರಾಗದ ಲಕ್ಷಣವೇ.

ಎರಡನೆಯ ಆಲ್ಬಮ್ಮಿನಿಂದಲೇ ಉದಾಹರಣೆ ಕೊಡೋಣ. ಅದರ ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’, ಎಂದರೆ ‘ಮಕರದ ಮಂಜು’, ತ್ಯಾಗರಾಜರ ‘ಮನವ್ಯಾಲಕಿಂಚರಾದಟೆ’ ಎಂಬ ನಳಿನಕಾಂತಿ ರಾಗದ ಕೃತಿಯನ್ನು ಆಧರಿಸಿದೆ. ನಳಿನಕಾಂತಿಯು ಏರುವಾಗ ಸ-ಗ-ರಿ-ಮ-ಪ-ನಿ-ಸ ಎಂದು ವಕ್ರವಾಗಿ ಏರಿ, ಸ-ನಿ-ಪ-ಮ-ಗ-ರಿ-ಸ ಎಂದು ಇಳಿಯುತ್ತದೆ, ಧೈವತವೇ ಇಲ್ಲ. ಮಧ್ಯಮವನ್ನು ಆಧಾರವಾಗಿಟ್ಟು ಕಟ್ಟುವ ಮ-ಧ-ಸ ಎಂಬ ಕಾರ್ಡ್ ಪಾಶ್ಚಾತ್ಯ ಹಾಡುಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವಂಥದು. ರೂಢಿಯ ಕೈ ತಾನಾಗಿ ಅಲ್ಲಿಗೆ ಹೋಯಿತೆನ್ನಿ, ಧೈವತವು ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ನಳಿನಕಾಂತಿಯನ್ನು ಮುಂಬಾಗಿಲಿನಿಂದ ಹೊರಗಟ್ಟಿಬಿಡುತ್ತದೆ. ಆದುದರಿಂದ ಗಿಟಾರಿನವನೂ ಕೀಬೋರ್ಡಿನವನೂ ತಾವು ಕಲಿತದ್ದರಲ್ಲಿ ಅರ್ಧವನ್ನು ಕಟ್ಟಿಟ್ಟು ನುಡಿಸಬೇಕು.

ಎರಡನೆಯ ಆಲ್ಬಮ್ಮನ್ನೇ ನಾವು ಆರಿಸಿಕೊಂಡದ್ದೇಕೆ? ಮೊದಲನೆಯ ಆಲ್ಬಮ್ ಯಾವ ತಂಡಕ್ಕೂ ಕೂಡಿಟ್ಟ ಹಣವಿದ್ದಂತೆ. ಅಗಮ್ ತಂಡದ ಮೊದಲ ಆಲ್ಬಮ್ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಹೊರಬಂದದ್ದು 2012ರಲ್ಲಿ, ತಂಡ ಕೂಡಿದ ಒಂಬತ್ತು ವರ್ಷಗಳ ಮೇಲೆ. ಅಷ್ಟು ಕಾಲ ವೇದಿಕೆಗಳ ಮೇಲೆ ಪಳಗಿದ ಕೈಯಿಂದ ಅದು ಬಂತು. ಕೃತಿಯೂ ರಾಕ್ ವಾದ್ಯಗಳೂ ಕೂಡಬಲ್ಲವೆಂಬ ಹೊಸತನವೇ ಆಗ ಜನರನ್ನು ಸೆಳೆಯಲು ಸಾಕಾಗಿತ್ತು. ಎರಡನೆಯ ಸಲ ಹೊಸತನದ ಊರುಗೋಲು ಇರುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಚೆನ್ನಾಗಿ ತಿಳಿಯುವ ಮಾತು. ಹೊರಡುವಾಗ ಕಟ್ಟಿಕೊಂಡ ಬುತ್ತಿ ಕೆಲವು ದಿನ ಸಾಗುತ್ತದೆ. ಆಮೇಲೆ ಬಂದ ಊರಿನಲ್ಲಿಯೇ ಒಲೆ ಹೂಡಬೇಕು, ಸಿಕ್ಕಿದ ಸೌದೆಯಲ್ಲಿಯೇ ಬೇಯಿಸಬೇಕು. ಇಲ್ಲಿಯೇ ಹುಟ್ಟಿ, ಬೀದಿಯಲ್ಲಿ ಮರಾಠಿಯನ್ನೂ ಹಿಂದಿಯನ್ನೂ ಆಡಿ, ಮನೆಯಲ್ಲಿ ಕನ್ನಡಕ್ಕೆ ಮರಳುವ ನಮ್ಮ ಮಕ್ಕಳಿಗಂತೂ ಬುತ್ತಿಯೂ ಇಲ್ಲ, ಮೊದಲಿನಿಂದಲೂ ಒಲೆಯೇ.

ಈ ಎರಡನೆಯ ಹೆಜ್ಜೆಯಲ್ಲಿ ಇಂಗ್ಲೆಂಡಿನ ಘಟಾನುಘಟಿಗಳೂ ಮುಗ್ಗರಿಸಿದ್ದಾರೆ. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ 1969ರಲ್ಲಿ ಬಂದು ಅಪಾರ ಕೀರ್ತಿ ಗಳಿಸಿತು. ಆ ವರ್ಷ ಕಳೆಯುವುದರೊಳಗೆ ಇಬ್ಬರು ಮುಖ್ಯ ವಾದಕರು ದೂರ ಸರಿದರು. 1970ರ ಎರಡನೆಯ ಆಲ್ಬಮ್ ಮೊದಲನೆಯದರ ಅಚ್ಚಿನಲ್ಲಿಯೇ ಎರಕ ಹೊಯ್ದಂತಿದೆಯೆಂದು ವಿಮರ್ಶಕರು ಆಕ್ಷೇಪಿಸಿದರು. ಪಿಂಕ್ ಫ್ಲಾಯ್ಡ್ ತಂಡದ ಪಾಡು ಇನ್ನೂ ಕಠಿನ. ಮೊದಲ ಆಲ್ಬಮ್ಮಿನ ಹಾಡುಗಳಲ್ಲಿ ಬಹುಪಾಲನ್ನು ಬರೆದಿದ್ದ ಸಿಡ್ ಬ್ಯಾರೆಟ್ ಮಾನಸಿಕ ಅಸ್ವಾಸ್ಥ್ಯಕ್ಕೆ ತುತ್ತಾಗಿ 1968ರಲ್ಲಿ ತಂಡದಿಂದ ಹೊರಗಾದನು. ಉಳಿದವರು ಡೇವಿಡ್ ಗಿಲ್ಮರ್ ಎಂಬ ಹೊಸಬನನ್ನು ಕೂಡಿಸಿಕೊಂಡು ಎರಡನೆಯ ಆಲ್ಬಮ್ಮನ್ನು ಮುಗಿಸಿದರು. ಆ ತಂಡ ತನ್ನದೇ ಆದ ದಾರಿಯನ್ನು ಕಂಡುಕೊಂಡದ್ದು ಆ ಸಂಕಟದಲ್ಲಿಯೇ.

ಅಗಮ್ ತಂಡವು ಐದು ವರ್ಷ ತೆಗೆದುಕೊಂಡಿತು. ಅದರವರು ಬಹುಪಾಲು ಬೇರೆ ಉದ್ಯೋಗಗಳಲ್ಲಿದ್ದು ಬಿಡುವಿನ ವೇಳೆಯಲ್ಲಿ ಸಂಗೀತ ನಡೆಸಿದವರು. ‘ಎ ಡ್ರೀಮ್ ಟು ರಿಮೆಂಬರ್’, ಎಂದರೆ ‘ನೆನಪಿಡುವಂಥದೊಂದು ಕನಸು’, 2017ರಲ್ಲಿ ಬಂತು. ಅದರಲ್ಲಿ ತ್ಯಾಗರಾಜರ ಕೃತಿಯಲ್ಲದೆ ದೀಕ್ಷಿತರ ‘ರಂಗಪುರ ವಿಹಾರ’ವೂ ಇದೆ, ಬೃಂದಾವನ ಸಾರಂಗ ರಾಗ, ರೂಪಕ ತಾಳ. ವಿಳಂಬವಾಗಿ, ಗಂಭೀರವಾಗಿ ಹಾಡುವ ಆ ಕೃತಿಯನ್ನು ಡ್ರಮ್ಮಿನ ಪಕ್ಕದಲ್ಲಿ ನಿಲ್ಲಿಸುವುದಕ್ಕೆ ಧೈರ್ಯ ಬೇಕು. ಧೈರ್ಯವಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ನಾವು ಹೇಳಲಾರೆವು. ಕೆಲವೆಡೆ ವಾದ್ಯಗಳ ಅಬ್ಬರದಲ್ಲಿ ಸಾಹಿತ್ಯ ಮಸುಕಾಗುತ್ತದೆ. ‘ನನ್ನ ಮನವಿಯನ್ನು ಆಲಿಸಬಾರದೆ’ ಎಂದು ತ್ಯಾಗರಾಜರು ತಮ್ಮ ಮನಸ್ಸನ್ನು ಕೇಳುವಾಗ, ಆಲಿಸಬೇಕಾದ ಮನಸ್ಸಿಗೂ ಮಾತು ಸ್ಪಷ್ಟವಾಗಿ ಕೇಳಿಸಬೇಡವೆ? ಆದರೆ ಕಂಠವು ಗಮಕವನ್ನು ಬಿಡುವುದಿಲ್ಲ. ಗಿಟಾರು ಕೃತಿಗೆ ಕೈಜೋಡಿಸಿ ನಡೆಯುವಲ್ಲಿ ಹಾಡಿಗೆ ಎರಡೂ ಮನೆಗಳು ತನ್ನವೇ ಆಗಿವೆ. ಅಂಥ ಎಡೆಗಳಿಗಾಗಿ ಉಳಿದ ಗದ್ದಲವನ್ನು ನಾವು ಸಹಿಸಿಕೊಳ್ಳುತ್ತೇವೆ.

ಕೇಳಬಯಸುವ ವಿದ್ಯಾರ್ಥಿಗಳು ಮೊದಲು ಹಾರ್ಮೋನಿಯಮ್ಮಿನ ಬಳಿ ಕುಳಿತುಕೊಳ್ಳಲಿ. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡರೆ ನಳಿನಕಾಂತಿಯ ಎಲ್ಲ ಸ್ವರಗಳೂ ಬಿಳಿಯವೇ; ಕಪ್ಪನ್ನು ಮುಟ್ಟಬೇಕಾಗಿಲ್ಲ; ಬಿಳಿಯದರಲ್ಲಿ ಆರನೆಯದನ್ನು ಮಾತ್ರ ಬಿಡಬೇಕು. ರಾಗ ಕಿವಿಗೆ ಕುಳಿತ ಮೇಲೆ ಹಾಡನ್ನು ಹಾಕಿ, ಬಿಟ್ಟ ಆ ಧೈವತವು ಗಿಟಾರಿನಲ್ಲಿಯಾಗಲಿ ಕೀಬೋರ್ಡಿನಲ್ಲಿಯಾಗಲಿ ಎಲ್ಲಾದರೂ ಇಣುಕುವುದೇ ಎಂದು ಹುಡುಕಿ ನೋಡಲಿ.