ಕೊರೊನಾ, ಯಕೃತ್ತು ಮತ್ತು ಅಮೃತಬಳ್ಳಿಯ ಕಷಾಯ

ಕೊರೊನಾ ಶ್ವಾಸಕೋಶದ ರೋಗವೆಂದೇ ಪ್ರಸಿದ್ಧವಾದರೂ ಯಕೃತ್ತನ್ನು ಪೂರ್ತಿಯಾಗಿ ಬಿಡುವುದಿಲ್ಲ. ರೋಗವು ತೀವ್ರವಾದಾಗ ಆಮ್ಲಜನಕದ ಕೊರತೆ, ಉರಿಯೂತ, ಸೇವಿಸಿದ ಔಷಧಗಳು ಎಲ್ಲವೂ ಸೇರಿ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಏರುತ್ತವೆ. ಬಹುಪಾಲು ರೋಗಿಗಳಲ್ಲಿ ಈ ಏರಿಕೆ ಅಲ್ಪವಾಗಿದ್ದು, ರೋಗ ಗುಣವಾದಂತೆ ತಾನೇ ಇಳಿಯುತ್ತದೆ.

ನಮ್ಮ ಕಳವಳ ಬೇರೆಯದು. 2020ರಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಲೆಂದು ಮನೆಮನೆಗಳಲ್ಲಿ ಅಮೃತಬಳ್ಳಿಯ ಕಷಾಯ ಕುದಿಯಿತು. ಅದನ್ನು ಸೇವಿಸಿದ್ದ ಆರು ಜನರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಬಳ್ಳಿಯನ್ನೇ ಸರಿಯಾಗಿ ಗುರುತಿಸಿಲ್ಲವೆಂದು ಆಯುಷ್ ಸಚಿವಾಲಯವು ಆಕ್ಷೇಪಿಸಿತು. ಆಕ್ಷೇಪದಲ್ಲಿ ಹುರುಳಿದೆ, ಅದೇ ಕುಲದ ಬೇರೆ ಬಳ್ಳಿಯೂ ನೋಡಲು ಹೀಗೆಯೇ ಇರುತ್ತದೆ. ಎಲ್ಲಿಂದ ತಂದಿರೆಂದು ಕೇಳಿದರೆ ‘ಬೇಲಿಯಲ್ಲಿತ್ತು ಡಾಕ್ಟರೇ’ ಎನ್ನುವವರೇ ಹೆಚ್ಚು! ಆದರೆ 2022ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿ ಬಂದ ಮೇಲೆ ಆಯುರ್ವೇದದವರಾದ ನಾವು ಕಣ್ಣು ಮುಚ್ಚಿ ಕುಳಿತಿರಲಾಗದು. ಅವರಲ್ಲಿ ಹಲವರಿಗೆ ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣಗಳಿದ್ದವು.

ಮಾತ್ರೆ, ಕಾಲ, ರೋಗಿಯ ಪ್ರಕೃತಿ ನೋಡದೆ ಔಷಧ ಕೊಡಲು ನಮ್ಮ ಶಾಸ್ತ್ರ ಹೇಳಿಲ್ಲ. ಯಕೃತ್ತಿನ ಕಾಯಿಲೆ, ಥೈರಾಯ್ಡ್ ಅಥವಾ ಸಂಧಿವಾತ ಉಳ್ಳವರು ವೈದ್ಯರನ್ನು ಕೇಳದೆ ಈ ಕಷಾಯ ಕುಡಿಯಬಾರದು. ಹಸಿವು ಅಡಗಿ, ಮೂತ್ರ ಕಡುಹಳದಿಯಾಗಿ, ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿದರೆ ಕಷಾಯವನ್ನು ಅಂದೇ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಕುಡಿದ ಸಂಗತಿಯನ್ನು ಆಸ್ಪತ್ರೆಯಲ್ಲಿ ಮರೆಮಾಚಬೇಡಿ.