ಬಯಲಾಟದ ವೇಷ: ಭಾರವಿದ್ದಷ್ಟೂ ಅಸಲಿ, ಹಳೆಯ ಬಣ್ಣವೆಲ್ಲ ಸುರಕ್ಷಿತ ಎನ್ನುವುದು ನಿಜವೇ?

ಜಾತ್ರೆಯ ದಿನಗಳು ಬಂದರೆ ಸಾಕು, ಮೊಬೈಲಿಗೆ ಬಯಲಾಟದ ವಿಡಿಯೊಗಳು ಬರತೊಡಗುತ್ತವೆ. ಕೌರವ ಕುಣಿಯುತ್ತಿರುತ್ತಾನೆ, ಭೀಮ ಗದೆ ಎತ್ತಿರುತ್ತಾನೆ. ವಿಡಿಯೊದ ಜೊತೆಗೆ ಕೆಲವು ಮಾತುಗಳೂ ಬರುತ್ತವೆ. 'ಹಿಂದಿನವರ ಕಿರೀಟ ಲೋಹದ್ದು, ಈಗಿನದು ಬರೀ ಕಟ್ಟಿಗೆ.' 'ಹಳೆಯ ಕಾಲದ ಬಣ್ಣ ನೈಸರ್ಗಿಕ, ಮುಖಕ್ಕೆ ಏನೂ ಆಗುವುದಿಲ್ಲ.' 'ವಿದೇಶದಲ್ಲಿ ನಾಟಕದ ಬಟ್ಟೆಗೆ ಫ್ಯಾಷನ್ ಡಿಸೈನರ್ ಬೇಕಂತೆ, ಅದೆಲ್ಲ ದುಡ್ಡಿನ ಸೊಕ್ಕು.'

ಈ ಮೂರೂ ಮಾತುಗಳನ್ನು ನಾವು ಒಂದೊಂದಾಗಿ ನೋಡೋಣ. ಮೊದಲೇ ಚಿಕ್ಕದಾಗಿ ಹೇಳುವುದಾದರೆ: ಹಗುರ ಮರದ ಕಿರೀಟವೇ ಜಾಣತನದ್ದು. ಹಳೆಯ ಬಣ್ಣಗಳಲ್ಲಿ ಕೆಲವು ನಿಜಕ್ಕೂ ವಿಷ. ಇನ್ನು ಆ ಡಿಸೈನರ್‌ಗಳು ಬಿಡಿಸುವ ಲೆಕ್ಕವನ್ನೇ ನಮ್ಮ ಊರಿನ ವೇಷ ಕಟ್ಟುವವರೂ ಬಿಡಿಸುತ್ತ ಬಂದಿದ್ದಾರೆ.

ಒಪೆರಾಕ್ಕೂ ಬಯಲಾಟಕ್ಕೂ ಏನು ಸಂಬಂಧ?

ಒಪೆರಾ ಎಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕ. 1600ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿತು. ಹಿನ್ನೆಲೆಯಲ್ಲಿ ವಾದ್ಯಮೇಳ, ಮುಂದೆ ದೊಡ್ಡ ವೇಷ ತೊಟ್ಟು ಹಾಡುವ ಪಾತ್ರಧಾರಿ. ಹಿರೇಹಡಗಲಿಯಿಂದ ಹಿಡಿದು ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ದೊಡ್ಡಾಟದಲ್ಲೂ ಹಿಂದೆ ಭಾಗವತರು ಮತ್ತು ಮೇಳ, ಮುಂದೆ ಹಾಡುತ್ತ, ಕುಣಿಯುತ್ತ, ಉದ್ದುದ್ದ ಮಾತು ಹೇಳುವ ವೇಷಧಾರಿ. ಎರಡಕ್ಕೂ ನೇರ ನಂಟಿಲ್ಲ. ಆದರೆ ವೇಷಕ್ಕೆ ಎದುರಾಗುವ ಕಷ್ಟಗಳು ಒಂದೇ.

ಹೆಸರಾಂತ ಫ್ಯಾಷನ್ ಡಿಸೈನರ್‌ಗಳು ಒಪೆರಾಕ್ಕೆ ಬಟ್ಟೆ ಮಾಡಿಕೊಟ್ಟಿದ್ದು ನಿಜ. ಜಿಯಾನಿ ವರ್ಸಾಚೆ 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಪೆರಾದ 'ಕಪ್ರಿಚ್ಚೊ'ಗೆ ಉಡುಪು ಮಾಡಿದರು. ಬ್ರಿಟನ್ನಿನ ಜಾಂಡ್ರಾ ರೋಡ್ಸ್ 2001ರಲ್ಲಿ ಸ್ಯಾನ್ ಡಿಯೇಗೊ ಒಪೆರಾದ 'ದಿ ಮ್ಯಾಜಿಕ್ ಫ್ಲೂಟ್'ಗೆ, ಮಿಯುಚ್ಚಾ ಪ್ರಾಡಾ 2010ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ 'ಅಟ್ಟಿಲಾ'ಗೆ ಕೆಲಸ ಮಾಡಿದರು. 2016ರಲ್ಲಿ ರೋಮ್‌ನ ಒಪೆರಾ ಮನೆಯಲ್ಲಿ ಸೋಫಿಯಾ ಕೊಪೊಲಾ ನಿರ್ದೇಶಿಸಿದ 'ಲಾ ಟ್ರಾವಿಯಾಟಾ'ದಲ್ಲಿ ನಾಯಕಿಯ ಉಡುಪು ವ್ಯಾಲೆಂಟಿನೊ ಅವರದು.

ಫ್ಯಾಷನ್ ಶೋದಲ್ಲಿ ಬಟ್ಟೆಯನ್ನು ಹತ್ತಡಿ ದೂರದಿಂದ ಕೆಲವೇ ಕ್ಷಣ ನೋಡುತ್ತಾರೆ. ತೊಟ್ಟವರು ಸುಮ್ಮನೆ ನಡೆದು ಹೋಗುತ್ತಾರೆ. ರಂಗದ ಮೇಲಿನ ಬಟ್ಟೆ ನೂರಡಿ ದೂರಕ್ಕೆ ಕಾಣಬೇಕು, ಗಂಟೆಗಟ್ಟಲೆ ತಡೆಯಬೇಕು, ಅದರೊಳಗಿನ ಮನುಷ್ಯ ಹಾಡಬೇಕು. ಅದಕ್ಕೇ ಎಂಥ ಹೆಸರಾಂತ ಡಿಸೈನರ್ ಆದರೂ ಇಲ್ಲಿ ರಂಗದ ಲೆಕ್ಕವನ್ನೇ ಹಾಕಬೇಕಾಗುತ್ತದೆ.

ದೂರದ ಲೆಕ್ಕ: ಕಿರೀಟ, ಭುಜಕೀರ್ತಿ ಯಾಕೆ ಅಷ್ಟು ದೊಡ್ಡವು?

ಹಿರೇಹಡಗಲಿಯ ಕಲ್ಲೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 11ನೆಯ ಶತಮಾನದ್ದು. ಅದರ ಬಾಗಿಲುವಾಡದ ಕೆತ್ತನೆ ತುಂಬಾ ನಯ. ಹತ್ತಿರ ನಿಂತು ನೋಡಿದರೇ ಅದರ ಸೊಗಸು ತಿಳಿಯುವುದು. ಅಷ್ಟು ನಯದ ಕೆಲಸವನ್ನು ದುರ್ಯೋಧನನ ಎದೆಯ ಮೇಲೆ ಮಾಡಿದರೆ ಹಿಂದಿನ ಸಾಲಿನವರಿಗೆ ಏನೂ ಕಾಣುವುದಿಲ್ಲ.

ಇದಕ್ಕೆ ಕಣ್ಣೇ ಕಾರಣ. ಒಳ್ಳೆಯ ಕಣ್ಣಿಗೆ ಹತ್ತಡಿ ದೂರದಲ್ಲಿ ಸುಮಾರು 1 ಮಿ.ಮೀ. ಅಂತರದ ಎರಡು ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ನೂರಡಿ ದೂರಕ್ಕೆ ಹೋದರೆ ಆ ಅಂತರ ಸುಮಾರು 9 ಮಿ.ಮೀ. ಇರಬೇಕು. ಅದಕ್ಕಿಂತ ಸಣ್ಣ ಕಸೂತಿ ಅಲ್ಲಿಂದ ಬರೀ ಬಣ್ಣದ ಪಟ್ಟೆಯಾಗಿ ಕಲೆತುಹೋಗುತ್ತದೆ.

ಹಾಗಾಗಿ ದೊಡ್ಡ ಕಿರೀಟ, ಹೆಗಲಿನಾಚೆ ಚಾಚಿದ ಭುಜಕೀರ್ತಿ, ಅಗಲವಾದ ಎದೆಕಟ್ಟು. ಮುಖ ಕಾಣದಷ್ಟು ದೂರದಲ್ಲಿ ಕೂತವರಿಗೂ ಆಕಾರ ನೋಡಿಯೇ 'ಬಂದವನು ರಾಜ' ಎಂದು ಗೊತ್ತಾಗುತ್ತದೆ. ಒಪೆರಾದ ರಾಣಿಯ ಅಗಲ ಲಂಗದ ಕೆಲಸವೂ ಇದೇ.

ಬೆಳಕಿನ ಲೆಕ್ಕ: ಬೇಗಡೆ ಮತ್ತು ಕನ್ನಡಿ ಚೂರು

ಪಂಜು ಮತ್ತು ಎಣ್ಣೆ ದೀಪದ ಬೆಳಕಿನಲ್ಲಿ ಕೆಂಪು, ಹಳದಿ ಹೆಚ್ಚು, ನೀಲಿ ತೀರ ಕಡಿಮೆ. ಅಂಥ ಬೆಳಕಿನಲ್ಲಿ ಕೆಂಪು, ಹಳದಿ, ಚಿನ್ನದ ಬಣ್ಣ ಎದ್ದು ಕಾಣುತ್ತವೆ, ನೀಲಿ ಬಟ್ಟೆ ಕಪ್ಪಗೆ ಕಾಣುತ್ತದೆ. ಈಗ ಬಿಳಿ ಎಲ್ಇಡಿ ದೀಪ ಬಂದ ಮೇಲೆ ಅದೇ ಬಟ್ಟೆಯ ಬಣ್ಣ ಬೇರೆಯಾಗಿ ಕಾಣುವುದು ಸಹಜ. ಅಂಗಡಿಯಲ್ಲಿ ಮೆಚ್ಚಿ ತಂದ ಬಟ್ಟೆ ರಂಗದ ಮೇಲೆ ಮಂಕಾಗುವುದೂ ಇದರಿಂದಲೇ. ಒಪೆರಾ ಮನೆಗಳಲ್ಲಿ ಬಟ್ಟೆಯನ್ನು ರಂಗದ ದೀಪದಡಿ ಹಿಡಿದು ನೋಡಿಯೇ ಒಪ್ಪಿಕೊಳ್ಳುವುದು ರೂಢಿ. ನಮ್ಮ ತಂಡಗಳೂ ಒಂದು ತುಂಡು ಬಟ್ಟೆ ತಂದು, ಆಟದ ರಾತ್ರಿ ಹಾಕುವ ದೀಪದಲ್ಲೇ ನೋಡಿ ಆಮೇಲೆ ಥಾನು ಕೊಳ್ಳುವುದು ಒಳ್ಳೆಯದು.

ಮರದ ಮೇಲೆ ಅಂಟಿಸುವ ಬೇಗಡೆ, ಕನ್ನಡಿ ಚೂರುಗಳ ಗುಟ್ಟೂ ಬೆಳಕಿನದೇ. ಒಂದೊಂದು ಚೂರೂ ಬೆಳಕನ್ನು ಒಂದೊಂದು ದಿಕ್ಕಿಗೆ ಎಸೆಯುತ್ತದೆ. ಪಾತ್ರಧಾರಿ ಅಲುಗಿದಾಗಲೆಲ್ಲ ಬೇರೆ ಬೇರೆ ಚೂರು ನಿಮ್ಮ ಕಣ್ಣಿಗೆ ಮಿಂಚುತ್ತದೆ. ದೊಡ್ಡದೊಂದೇ ಕನ್ನಡಿ ಇದ್ದರೆ ಈ ಮಿನುಗು ಬರುವುದಿಲ್ಲ.

ತೂಕದ ಲೆಕ್ಕ: ಲೋಹದ ಕಿರೀಟವೇ ಅಸಲಿಯೇ?

ಅಲ್ಲ. ಹಗುರವಾದ ಮೆದು ಮರವನ್ನು ಕೊರೆದು, ಬೇಗಡೆ ಹಚ್ಚಿ ಮಾಡುವುದು ನಮ್ಮ ಆಟಗಳ ಹಳೆಯ ಪದ್ಧತಿ. ದುಡ್ಡಿಲ್ಲದ್ದಕ್ಕೆ ಮಾಡಿಕೊಂಡ ನಕಲಿ ಎಂದು ಅದನ್ನು ಜರಿಯುವುದು ತಪ್ಪು. ಒಂದೇ ಅಳತೆಯ ತುಂಡು ತೆಗೆದುಕೊಂಡರೆ ಹಿತ್ತಾಳೆ ಮೆದು ಮರಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ತೂಗುತ್ತದೆ.

ತಲೆಯ ತೂಕವೇ ಸುಮಾರು 5 ಕೆ.ಜಿ. ಅದನ್ನು ಕತ್ತು ನೆಟ್ಟಗೆ ಹೊತ್ತಿರುವವರೆಗೆ ತೊಂದರೆಯಿಲ್ಲ. ತಲೆ ಮುಂದಕ್ಕೆ ಬಾಗಿದರೆ ಕತ್ತಿನ ಸ್ನಾಯುಗಳ ಮೇಲಿನ ಎಳೆತ ಕೆಲವು ಪಟ್ಟು ಏರುತ್ತದೆ. ಕಿರೀಟ ಎತ್ತರವಾದಷ್ಟೂ ಈ ಎಳೆತ ಹೆಚ್ಚು. ಬೆಳಗಿನತನಕ ಕುಣಿಯುವವನಿಗೆ ಕತ್ತು ಹಿಡಿಯುವುದು, ಕೈ ಜೋಮು ಹಿಡಿಯುವುದು ಇದರಿಂದ ಆಗಬಹುದು.

ಈಗ ಬಾಡಿಗೆಗೆ ಲೋಹದ ತಗಡಿನ ಸೆಟ್ಟುಗಳೂ ಸಿಗುತ್ತವೆ. ಫೋಟೊದಲ್ಲಿ ಚೆಂದ. ಆದರೆ ತರುವ ಮುಂಚೆ ಪಾತ್ರಧಾರಿ ಅದನ್ನು ಕಟ್ಟಿಕೊಂಡು ಅರ್ಧ ಗಂಟೆ ಕುಣಿದು ನೋಡಲಿ. ಕಿವಿ ಪೂರ್ತಿ ಮುಚ್ಚದಂತೆಯೂ ನೋಡಿಕೊಳ್ಳಿ. ಮೇಳದ ಶ್ರುತಿ ಕೇಳಿಸದಿದ್ದರೆ ಹಾಡು ತಪ್ಪುತ್ತದೆ.

ಉಸಿರು ಮತ್ತು ಸೆಕೆಯ ಲೆಕ್ಕ

ಆರೋಗ್ಯವಂತ ವಯಸ್ಕರು ಪೂರ್ತಿ ಉಸಿರು ಎಳೆದುಕೊಂಡರೆ ಎದೆಯ ಸುತ್ತಳತೆ ಸಾಮಾನ್ಯವಾಗಿ 5 ಸೆಂ.ಮೀ. ಆಸುಪಾಸು ಹಿಗ್ಗುತ್ತದೆ. ಹಾಡುವವರಿಗೆ ಕೆಳಪಕ್ಕೆ ಮತ್ತು ಹೊಟ್ಟೆ ಸಡಿಲವಾಗಿರಬೇಕು. ಅದಕ್ಕೆ ಒಪೆರಾದ ಬಿಗಿ ರವಿಕೆಯಂಥ ಉಡುಪಿಗೂ ಒಳಗೆ ಹಿಗ್ಗಲು ಜಾಗ ಬಿಟ್ಟು ಹೊಲಿಯುತ್ತಾರೆ. ನಮ್ಮಲ್ಲಿ ಎದೆಕಟ್ಟು, ನಡುಪಟ್ಟಿ ಕಟ್ಟುವಾಗ ಒಂದು ಸುಲಭ ಉಪಾಯವಿದೆ: ಉಸಿರು ಪೂರ್ತಿ ಎಳೆದುಕೊಂಡು ನಿಂತಾಗ ಕಟ್ಟಿಸಿಕೊಳ್ಳಿ, ಬಿಟ್ಟಾಗ ಅಲ್ಲ.

ಉಸಿರಿಗಿಂತ ದೊಡ್ಡ ಅಪಾಯ ಸೆಕೆ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಬಲ್ಬಿನಷ್ಟು ಶಾಖ ಹೊರಹಾಕುತ್ತದೆ. ಜೋರಾಗಿ ಕುಣಿದರೆ ನಾಲ್ಕೈದು ಪಟ್ಟು. ಅದನ್ನು ಇಳಿಸುವುದು ಬೆವರು. ಆದರೆ ಬೆವರು ಹರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖ ಹೋಗುತ್ತದೆ. ಪಾಲಿಯೆಸ್ಟರ್ ಮಖಮಲ್ಲು, ಸ್ಯಾಟಿನ್ನು, ಅದರ ಮೇಲೆ ಮರದ ಕವಚ ಕಟ್ಟಿಕೊಂಡರೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ.

ನಮ್ಮ ಸೀಮೆಯಲ್ಲಿ ಯುಗಾದಿಯ ಆಸುಪಾಸಿಗೇ ಹಗಲು 40 ಡಿಗ್ರಿಯ ಹತ್ತಿರ ಹೋಗುತ್ತದೆ, ರಾತ್ರಿಯೂ ಧಗೆ ಬೇಗ ಇಳಿಯುವುದಿಲ್ಲ. ಆಗ ಒಳಗೆ ತೆಳು ಹತ್ತಿ ಬನಿಯನ್ ಇರಲಿ, ಪ್ರವೇಶಗಳ ನಡುವೆ ಅದನ್ನು ಬದಲಿಸಿ. ಭುಜಕೀರ್ತಿ ಬಿಚ್ಚಿ ಗಾಳಿಗೆ ಕೂರಿಸಿ. ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡಿ.

ಒಂದು ಮಾತನ್ನು ಎಲ್ಲ ತಂಡದವರೂ ನೆನಪಿಡಬೇಕು. ವೇಷಧಾರಿ ಮಾತು ತಪ್ಪತೊಡಗಿದರೆ, ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಂತೆ ಆಡಿದರೆ 'ಆವೇಶ ಬಂದಿದೆ' ಎಂದು ಕೈಕಟ್ಟಿ ಕೂರಬೇಡಿ. ಅದು ಶಾಖದ ಆಘಾತ ಇರಬಹುದು. ಅದರಲ್ಲಿ ಮೈಯ ಶಾಖ 40 ಡಿಗ್ರಿ ದಾಟುತ್ತದೆ, ತಡಮಾಡಿದರೆ ಜೀವಕ್ಕೇ ಕುತ್ತು. ಕೂಡಲೇ 108ಕ್ಕೆ ಕರೆ ಮಾಡಿ. ವೇಷ ಬಿಚ್ಚಿ, ಮೈಗೆಲ್ಲ ತಣ್ಣೀರು ಹಾಕಿ, ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಳೆಯ ಬಣ್ಣ ನೈಸರ್ಗಿಕ, ಆದ್ದರಿಂದ ಸುರಕ್ಷಿತವೇ?

ನೈಸರ್ಗಿಕ ಎನ್ನುವುದು ಕೆಲವಕ್ಕೆ ಒಪ್ಪುವ ಮಾತು. ಸುರಕ್ಷಿತ ಎನ್ನುವುದು ತಪ್ಪು. ವೇಷ ಪೂರ್ತಿಯಾಗುವುದು ಮುಖದ ಬಣ್ಣದಿಂದ. ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ, ಸಫೇದ, ಕಾಡಿಗೆ ಇರುತ್ತಿದ್ದವು. ಅರದಾಳ ಎಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಹಳದಿ ಖನಿಜ. ಇಂಗಳೀಕ ಎಂದರೆ ಪಾದರಸ ಮತ್ತು ಗಂಧಕ ಸೇರಿದ ಕೆಂಪು. ಸಫೇದ ಈಗ ಹೆಚ್ಚಾಗಿ ಸತುವಿನದು, ಆದರೆ ಸೀಸದ ಬಿಳಿಯೂ ಬಳಕೆಯಲ್ಲಿತ್ತು. ಕೆಲವು ಸಿಂಧೂರಗಳಲ್ಲೂ ಸೀಸ ಇರುತ್ತದೆ.

ಯುರೋಪಿನ ನಟನಟಿಯರೂ ಹಿಂದೆ ಮುಖಕ್ಕೆ ಸೀಸದ ಬಿಳಿ ಬಳಿದುಕೊಳ್ಳುತ್ತಿದ್ದರು. ಅಂದರೆ ಈ ತಪ್ಪು ನಮ್ಮವರೊಬ್ಬರದೇ ಅಲ್ಲ.

ಒಂದು ರಾತ್ರಿ ಅರದಾಳ ಹಚ್ಚಿದ ಮಾತ್ರಕ್ಕೆ ಸಾವು ಬರುತ್ತದೆ ಎಂದು ಹೆದರಿಸುವ ಫಾರ್ವರ್ಡನ್ನೂ ನಂಬಬೇಡಿ. ಗಾಯವಿಲ್ಲದ ಚರ್ಮದ ಮೂಲಕ ಇದು ಒಳಗೆ ಹೋಗುವುದು ಕಡಿಮೆ. ತೊಂದರೆ ಬರುವುದು ಬೇರೆ ದಾರಿಗಳಿಂದ: ಅರೆಯುವಾಗ ಏಳುವ ಪುಡಿ ಉಸಿರಿಗೆ ಹೋಗುತ್ತದೆ, ಬೆವರಿನ ಜೊತೆ ತುಟಿಗೆ, ಕಣ್ಣಿಗೆ ಇಳಿಯುತ್ತದೆ, ಅದೇ ಕೈಯಲ್ಲಿ ಚಹಾ ಕುಡಿಯುತ್ತೇವೆ, ಅವಲಕ್ಕಿ ತಿನ್ನುತ್ತೇವೆ. ವರ್ಷಗಟ್ಟಲೆ ಹೀಗಾದರೆ ಆರ್ಸೆನಿಕ್‌ನಿಂದ ಚರ್ಮ ದಪ್ಪವಾಗುವುದು, ಕಪ್ಪಾಗುವುದು, ಕ್ಯಾನ್ಸರ್ ಕೂಡ ಬರಬಹುದು. ಸೀಸಕ್ಕಂತೂ 'ಇಷ್ಟಿದ್ದರೆ ತೊಂದರೆಯಿಲ್ಲ' ಎನ್ನುವ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಲ ವೇಷ ಹಾಕುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಸೌಂದರ್ಯವರ್ಧಕಗಳಲ್ಲಿ ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಬಳಸುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ.

'ಮೊದಲು ಕೊಬ್ಬರಿ ಎಣ್ಣೆ ಹಚ್ಚಿದರೆ ವಿಷ ತಾಗದು' ಎಂಬ ಮಾತೂ ಇದೆ. ಎಣ್ಣೆಯಿಂದ ಬಣ್ಣ ಬಿಡಿಸುವುದು ಸುಲಭವಾಗುತ್ತದೆ, ಅಷ್ಟೇ. ವಿಷ ತಡೆಯುವುದಿಲ್ಲ. ಅದೇ ಹಳದಿ, ಅದೇ ಕೆಂಪು ಈಗ ಮುಖಕ್ಕೆಂದೇ ತಯಾರಾದ ಬಣ್ಣದಲ್ಲಿ ಸಿಗುತ್ತವೆ. ಡಬ್ಬಿಯ ಮೇಲೆ ಏನೇನಿದೆ ಎಂದು ಬರೆದಿರುವುದನ್ನೇ ಕೊಳ್ಳಿ. ಗೋಡೆಯ ಬಣ್ಣ, ರಂಗೋಲಿ ಪುಡಿ ಮುಖಕ್ಕೆ ಬೇಡ.

ಬೆಂಕಿ ಮತ್ತು ಕೊಳೆ

1862ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ತಾಲೀಮು ನಡೆಯುತ್ತಿತ್ತು. ಎಮ್ಮಾ ಲಿವ್ರಿ ಎಂಬ ಯುವ ನರ್ತಕಿಯ ತೆಳು ಲಂಗಕ್ಕೆ ಗ್ಯಾಸ್ ದೀಪದ ಬೆಂಕಿ ತಾಗಿತು. ಬೆಂಕಿ ಬೇಗ ಹಿಡಿಯದಂತೆ ಬಟ್ಟೆಗೆ ಔಷಧ ಹಾಕುವ ಪದ್ಧತಿ ಆಗಲೇ ಇತ್ತು. ಬಟ್ಟೆ ಬಿರುಸಾಗುತ್ತದೆ, ಅಂದ ಕೆಡುತ್ತದೆ ಎಂದು ಆಕೆ ಬೇಡ ಎಂದಿದ್ದಳು. ಸುಟ್ಟ ಗಾಯಗಳಿಂದ ನರಳಿ 1863ರಲ್ಲಿ ತೀರಿಕೊಂಡಳು. ನಮ್ಮ ರಂಗದ ಮೇಲೂ ಮಂಗಳಾರತಿ, ಕರ್ಪೂರ, ಬಿಸಿಯಾದ ಹ್ಯಾಲೊಜನ್ ದೀಪ ಇರುತ್ತವೆ. ನೈಲಾನ್, ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಪರದೆಯ ಹಿಂದೆ ಎರಡು ಬಕೆಟ್ ನೀರು, ಒಂದು ದಪ್ಪ ಹತ್ತಿ ಕಂಬಳಿ ಇಟ್ಟಿರಿ. ಆದರೆ ವಿದ್ಯುತ್ ತಂತಿಯ ಬೆಂಕಿಗೆ ನೀರು ಹಾಕಬೇಡಿ, ಮೊದಲು ಕರೆಂಟು ತೆಗೆಸಿ.

ತೊಳೆಯಲಾಗದ ಉಡುಪಿಗೆ ರಂಗಮಂದಿರಗಳಲ್ಲಿ ವೋಡ್ಕಾ ಸಿಂಪಡಿಸುತ್ತಾರೆ ಎಂಬ ಮಾತು ನಿಜ. ಆಲ್ಕೊಹಾಲ್ ವಾಸನೆಯ ಸೂಕ್ಷ್ಮಜೀವಿಗಳನ್ನು ಕೊಂದು ಆರಿಹೋಗುತ್ತದೆ. ಆದರೆ ಅದರಿಂದ ಕೊಳೆ ಹೋಗುವುದಿಲ್ಲ. ಸ್ಯಾನಿಟೈಸರ್ ಹೊಡೆದ ವೇಷ ಒದ್ದೆಯಿರುವಾಗಲೇ ದೀಪದ ಹತ್ತಿರ ಹೋದರೆ ಹೊತ್ತಿಕೊಳ್ಳುತ್ತದೆ. ಬಾಡಿಗೆ ವೇಷದಿಂದ ಹುಳುಕಡ್ಡಿ, ತಲೆಹೇನು ಹರಡದಂತೆ ಪ್ರತಿಯೊಬ್ಬರಿಗೂ ಅವರದೇ ತೊಳೆದ ಒಳಬಟ್ಟೆ, ಕಿರೀಟದೊಳಗೆ ತಲೆಗೆ ಅವರದೇ ಹತ್ತಿ ಬಟ್ಟೆ ಇರಲಿ. ಆಟ ಮುಗಿದ ಮೇಲೆ ವೇಷವನ್ನು ಬಿಸಿಲಿಗೆ ಹರಡಿ ಒಣಗಿಸಿ, ಒದ್ದೆಯಲ್ಲೇ ಪೆಟ್ಟಿಗೆಗೆ ತುಂಬಬೇಡಿ.

ಫಾರ್ವರ್ಡ್ ಮಾಡುವ ಮುನ್ನ

'ಹಿರಿಯರು ಮಾಡಿದ್ದೆಲ್ಲ ಸರಿ' ಎನ್ನುವುದೂ 'ಎಲ್ಲ ತಪ್ಪು' ಎನ್ನುವುದೂ ನಮಗೆ ನೆರವಾಗುವುದಿಲ್ಲ. ಹಗುರ ಮರ, ದೊಡ್ಡ ಆಕಾರ, ಕನ್ನಡಿ ಚೂರು ಅವರ ಅನುಭವದ ಫಲ, ಅವನ್ನು ಉಳಿಸಿಕೊಳ್ಳೋಣ. ಅರದಾಳ, ಇಂಗಳೀಕ, ಸೀಸದ ಬಿಳಿ ಅವರಿಗೆ ಬೇರೆ ದಾರಿ ಇಲ್ಲದೆ ಬಳಸಿದ್ದು, ಅವನ್ನು ಬಿಡೋಣ.

ನಿಮ್ಮ ಊರಿನಲ್ಲಿ ಈ ವರ್ಷ ಆಟ ಇದ್ದರೆ ಈ ಬರಹವನ್ನು ವೇಷ ಕಟ್ಟುವವರಿಗೂ ಪಾತ್ರ ಮಾಡುವವರಿಗೂ ಕಳಿಸಿ. ಅವರ ಬಣ್ಣದ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಅವರ ಜೊತೆ ಕೂತು ಒಮ್ಮೆ ಓದಿ.