ಬೈಯುವವರಿಗೂ ಬೊಕ್ಕಸದ ಕಾಸು

ಪುಣೆ ಬಳಿಯ ಸಾಸವಡದ ಅಂಜೂರ, ಸೀತಾಫಲ ಕಡಿಮೆ ನೀರಿನಲ್ಲೇ ಬದುಕಿಕೊಳ್ಳುತ್ತವೆ. ಪಕ್ಕದ ಬಾರಾಮತಿ ಕಡೆ ಹೋದರೆ ಕಾಲುವೆ, ಕಬ್ಬು, ಸಕ್ಕರೆ ಕಾರ್ಖಾನೆ. ಕಬ್ಬು, ಮೆಕ್ಕೆಜೋಳ, ಅಕ್ಕಿ ಎಲ್ಲವೂ ಎಥನಾಲ್ ಆಗಿ ಈಗ ನನ್ನ ಹಳೇ ಸ್ಕೂಟರಿನ ಹೊಟ್ಟೆ ಸೇರುತ್ತಿವೆ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ 2030ರ ಗುರಿಯನ್ನು 2025ರಲ್ಲೇ ಮುಟ್ಟಿದ್ದೇವಂತೆ. ಸರಿ, ಕಬ್ಬು ಕುಡಿಯುವ ನೀರಿನ ಲೆಕ್ಕ ಕೇಳುವವರು ಯಾರು?

ಯುರೋಪಿನಲ್ಲಿ ಇಂಥ ಲೆಕ್ಕ ಕೇಳುವವರಿದ್ದರು. ಅಲ್ಲಿನ ಪರಿಸರ ಸಂಘಟನೆ ‘ಫ್ರೆಂಡ್ಸ್ ಆಫ್ ದಿ ಅರ್ಥ್’ ಯುರೋಪಿಯನ್ ಒಕ್ಕೂಟದ ಜೈವಿಕ ಇಂಧನ ನೀತಿಯನ್ನು ಝಾಡಿಸುತ್ತಲೇ ಆ ಒಕ್ಕೂಟದಿಂದಲೇ ಅನುದಾನ ಪಡೆಯುತ್ತಿತ್ತು. ಸಾಕಿದ ಗಿಣಿ ಹದ್ದಾಯಿತೆಂದು ಕೆಲವರು ಗೊಣಗಿದರು. ನನಗೇನೋ ಅದು ಒಳ್ಳೆಯದೇ ಅನ್ನಿಸುತ್ತದೆ. 2015ರಲ್ಲಿ ಒಕ್ಕೂಟವೇ ಸಾರಿಗೆ ಇಂಧನದಲ್ಲಿ ಆಹಾರ ಬೆಳೆಯ ಇಂಧನದ ಪಾಲಿಗೆ ಶೇ. 7ರ ಮಿತಿ ಹಾಕಿತು.

ನಮ್ಮಲ್ಲಿ 2018ರಿಂದ ಎಥನಾಲ್ ಘಟಕಗಳ ಸಾಲಕ್ಕೆ ಬಡ್ಡಿ ಸಹಾಯಧನವಿದೆ. ಲೆಕ್ಕ ಕೇಳುವವರಿಗೂ ಒಂದು ಪಾಲು ತೆಗೆದಿಡಿ, ಸ್ವಾಮಿ.